ಕೆಮ್ಮು ನಿಂತಿತು ಅಂದರೆ ಕಡ್ಲೇಬೀಜ ಹೊರಗೆ ಬಂತು ಅಂತಲೇ?

ಹಬ್ಬ, ಜಾತ್ರೆಯ ದಿನಗಳಲ್ಲಿ ಎಳೆಯ ಮಕ್ಕಳ ಬಾಯಿಯ ಮೇಲೆ ಒಂದು ಕಣ್ಣಿರಲಿ

ದೊಡ್ಡಬಳ್ಳಾಪುರ: ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡ್ಲೆಕಾಯಿ ಪರಿಷೆ. ಅಲ್ಲಿಂದ ಊರಿಗೆ ವಾಪಸ್ ಬರುವ ಬಸ್ಸಿನಲ್ಲಿ ಯಾರ ಕೈ ನೋಡಿದರೂ ಪೊಟ್ಟಣ. ಅದರ ಬೆನ್ನಿಗೇ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ಆಮೇಲೆ ಸಂಕ್ರಾಂತಿ, ಶಿವಗಂಗೆ. ಮನೆಮನೆಗೂ ಎಳ್ಳುಬೆಲ್ಲ ಬೀರುವ ಸಂಭ್ರಮ. ಹೊಸಕೋಟೆ ಕಡೆ ಅವರೆಕಾಯಿ ಸುಲಿಯುವ ಕೆಲಸ ಬೇರೆ.

ಬಾಯಾಡಿಸುವುದಕ್ಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಆದರೆ ಮನೆಯಲ್ಲಿ ತೆವಳುವ ಕೂಸೋ, ಎರಡು ವರ್ಷದ ತುಂಟನೋ ಇದ್ದರೆ ಈ ಕಾಲದಷ್ಟು ಎಚ್ಚರ ಬೇಕಾದ ಕಾಲವೂ ಇಲ್ಲ. ಕಾರಣ ಇಷ್ಟೇ: ಹೊಟ್ಟೆಗೆ ಹೋಗಬೇಕಾದ ಕಡ್ಲೇಬೀಜ ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿಯುತ್ತದೆ. ಮಕ್ಕಳ ಶ್ವಾಸನಾಳದಿಂದ ವೈದ್ಯರು ತೆಗೆದಿರುವ ವಸ್ತುಗಳ ಪಟ್ಟಿಯಲ್ಲಿ ನಮ್ಮ ದೇಶದಲ್ಲೂ, ಹೊರದೇಶಗಳಲ್ಲೂ ಮೇಲುಗಡೆ ಕಾಣುವ ಹೆಸರು ಕಡ್ಲೇಬೀಜ. ನಮ್ಮಲ್ಲಿ ಹುಣಸೆ ಬೀಜ, ಸೀತಾಫಲದ ಬೀಜ, ಅಡಿಕೆ ಚೂರು ಅದರ ಹಿಂದೆಯೇ ಇವೆ.

'ಯಾರೋ ನೆನೆಸ್ಕೊಂಡ್ರು'

ಮಗು ತಿನ್ನುತ್ತಾ ತಿನ್ನುತ್ತಾ ನಗುತ್ತದೆ, ಇಲ್ಲವೇ ಅಳುತ್ತದೆ, ಇಲ್ಲವೇ ಅಣ್ಣನ ಹಿಂದೆ ಓಡುತ್ತದೆ. ಇದ್ದಕ್ಕಿದ್ದಂತೆ ಕೆಮ್ಮು. ಮುಖ ಕೆಂಪು, ಕಣ್ಣಲ್ಲಿ ನೀರು. ದೊಡ್ಡವರು ಏನು ಮಾಡುತ್ತಾರೆ? 'ನೆತ್ತಿಗೆ ಹತ್ತಿತು' ಅನ್ನುತ್ತಾರೆ, ತಲೆ ತಟ್ಟುತ್ತಾರೆ, ಯಾರೋ ನೆನೆಸಿಕೊಂಡರು ಅನ್ನುತ್ತಾರೆ. ಒಂದು ಲೋಟ ನೀರು, ಒಂದು ತುತ್ತು ಬಾಳೆಹಣ್ಣು. ಎರಡು ಮೂರು ನಿಮಿಷಕ್ಕೆ ಕೆಮ್ಮು ನಿಲ್ಲುತ್ತದೆ. ಮಗು ಮತ್ತೆ ಆಟಕ್ಕೆ. 'ಏನಾಗಲ್ಲ ಬಿಡಮ್ಮ, ಹೊಟ್ಟೆಗೆ ಹೋಯ್ತು' ಅಂತ ಅಜ್ಜಿಯ ತೀರ್ಪು.

ಮೀನಿನ ಮುಳ್ಳು ಅನ್ನನಾಳದಲ್ಲಿ ಸಿಕ್ಕಿದರೆ ಅನ್ನದ ಉಂಡೆ ನುಂಗಿಸುವ ಹಳೇ ಅಭ್ಯಾಸ ಇದೆ. ಅದೇ ಸರಿಯಲ್ಲ ಅನ್ನುತ್ತಾರೆ ವೈದ್ಯರು. ಶ್ವಾಸನಾಳದಲ್ಲಿ ಕೂತ ಬೀಜಕ್ಕಂತೂ ಬಾಳೆಹಣ್ಣು ಏನೂ ಮಾಡಲಾರದು. ಅದು ಇದು ಎರಡು ಬೇರೆ ಬೇರೆ ಕೊಳವೆ.

ಇನ್ನು ಕೆಮ್ಮು ನಿಂತದ್ದರ ಗುಟ್ಟು. ಬೀಜ ಗಂಟಲಿನಿಂದ ಕೆಳಗಿಳಿದು ಎಡಕ್ಕೋ ಬಲಕ್ಕೋ ಒಂದು ಕವಲಿನಲ್ಲಿ ಕೂತ ಮೇಲೆ ಅಲ್ಲಿನ ನರಗಳು ಅದಕ್ಕೆ ಹೊಂದಿಕೊಂಡುಬಿಡುತ್ತವೆ. ಮಗು ಸುಮ್ಮನಾಗುತ್ತದೆ. ಈ ಸುಮ್ಮನಿರುವ ಅವಧಿ ಕೆಲವು ಗಂಟೆ ಇರಬಹುದು, ಕೆಲವು ವಾರವೂ ಇರಬಹುದು. ಮೋಸ ಹೋಗುವುದೇ ಇಲ್ಲಿ. ಮನೆಯವರು ಮಾತ್ರ ಅಲ್ಲ, ಡಾಕ್ಟರುಗಳೂ ಮೋಸ ಹೋದದ್ದುಂಟು.

ಬೀಜ ಒಳಗೆ ಕೂತು ನೀರು ಕುಡಿದು ಉಬ್ಬುತ್ತದೆ. ಕಡ್ಲೇಬೀಜದ ಎಣ್ಣೆ ಅಲ್ಲಿನ ಪೊರೆಯನ್ನು ಕೆರಳಿಸಿ ಬಾವು ತರಿಸುತ್ತದೆ. ಆಮೇಲೆ ಜ್ವರ, ಕಫ, ಗೊರಗೊರ, ಪದೇಪದೇ ನ್ಯುಮೋನಿಯಾ. ಕೂಸನ್ನು ಎತ್ತಿಕೊಂಡು ತಾಯಿ ಊರಿನ ಕ್ಲಿನಿಕ್ಕಿಗೆ ಹೋಗುತ್ತಾಳೆ. ಶೀತ ಅಂತ ಒಂದು ಬಾಟಲಿ ಸಿರಪ್ಪು. ಹದಿನೈದು ದಿನಕ್ಕೆ ಮತ್ತೆ ಅದೇ. ಈ ಸಲ ಆಸ್ತಮಾ ಅಂತ ಇನ್ನೊಂದು ಬಾಟಲಿ. ಪರಿಷೆಯ ದಿನ ಮಗು ಕೆಮ್ಮಿದ ಕಥೆ ಅಷ್ಟೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಯಾರೂ ಕೇಳುವುದೂ ಇಲ್ಲ. ತಿಂಗಳುಗಟ್ಟಲೆ ಹೀಗೇ ಬಿಟ್ಟರೆ ಆ ಭಾಗದ ಶ್ವಾಸಕೋಶ ಕೆಟ್ಟು, ಕಡೆಗೆ ಅದನ್ನು ಕತ್ತರಿಸಿ ತೆಗೆಯಬೇಕಾದ ಪ್ರಸಂಗಗಳೂ ವೈದ್ಯಕೀಯ ದಾಖಲೆಗಳಲ್ಲಿವೆ.

ಎಕ್ಸ್‌ರೇ ಹೇಳುವ ಅರ್ಧ ಸತ್ಯ

'ಎಕ್ಸ್‌ರೇ ತೆಗೆಸಿದ್ವಿ ಸಾರ್, ಏನೂ ಇಲ್ಲ ಅಂದ್ರು' ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಮೊಳೆ, ಪಿನ್ನು, ನಾಣ್ಯ ಆದರೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಕಡ್ಲೇಬೀಜ ಕಾಣುವುದಿಲ್ಲ. ಕಂಡರೆ ಅದರ ಪರಿಣಾಮ ಕಂಡೀತು ಅಷ್ಟೇ. ಬೀಜ ಕವಾಟದ ಹಾಗೆ ಕೂತರೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಆಗ ಒಂದು ಕಡೆಯ ಶ್ವಾಸಕೋಶ ಊದಿಕೊಂಡು ಹೆಚ್ಚು ಕಪ್ಪಾಗಿ ಕಾಣುತ್ತದೆ. ಪೂರಾ ಮುಚ್ಚಿದರೆ ಆ ಭಾಗ ಕುಗ್ಗಿ ಬೆಳ್ಳಗಾಗುತ್ತದೆ. ಮೊದಲ ದಿನ ಈ ಎರಡೂ ಇಲ್ಲದೆ ಚಿತ್ರ ಸರಿಯಾಗಿಯೇ ಇರಬಹುದು.

ಈ ವಿಷಯದಲ್ಲಿ ದೇಶ ವಿದೇಶಗಳಲ್ಲಿ ನಡೆದ ಅಧ್ಯಯನಗಳು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ: ಎಕ್ಸ್‌ರೇಗಿಂತ, ಸ್ಟೆತಸ್ಕೋಪಿಗಿಂತ ಹೆಚ್ಚು ನೆಚ್ಚಬಹುದಾದ ಸಾಕ್ಷಿ 'ತಿನ್ನುತ್ತಾ ಇದ್ದಾಗ ಒಮ್ಮೆಗೇ ಕೆಮ್ಮು ಬಂತು' ಎಂದು ಕಣ್ಣಾರೆ ನೋಡಿದವರು ಹೇಳುವ ಮಾತು. ಓದು ಬರಹ ಬಾರದ ಅಜ್ಜಿ ಆ ಒಂದು ಮಾತು ಹೇಳಿದರೆ ಸಾಕು, ತಿಳಿದ ವೈದ್ಯ ಕಿವಿ ನೆಟ್ಟಗೆ ಮಾಡುತ್ತಾನೆ. ಅನುಮಾನ ಉಳಿದರೆ ಈಗ ಸಿ.ಟಿ. ಸ್ಕ್ಯಾನ್ ಇದೆ. ಏನೂ ಇಲ್ಲದ ಮಗುವಿಗೆ ಸುಮ್ಮನೆ ಅರಿವಳಿಕೆ ಕೊಟ್ಟು ಕೊಳವೆ ಇಳಿಸುವುದನ್ನು ತಪ್ಪಿಸುವುದು ಹೇಗೆ ಎಂಬುದೇ ಇತ್ತೀಚಿನ ಸಂಶೋಧನೆಯ ದೊಡ್ಡ ಪ್ರಶ್ನೆ.

ಒಂದೇ ದಾರಿ, ಇಬ್ಬರು ವೈದ್ಯರು

ಬೀಜ ತೆಗೆಯುವ ಕ್ರಮಕ್ಕೆ ಬ್ರಾಂಕೋಸ್ಕೋಪಿ ಎಂದು ಹೆಸರು. ಕತ್ತಿ ಇಲ್ಲ, ಹೊಲಿಗೆ ಇಲ್ಲ. ಮಗುವನ್ನು ಪೂರ್ತಿ ಮಲಗಿಸಿ ಬಾಯಿಯ ಮೂಲಕ ಲೋಹದ ಕೊಳವೆ ಇಳಿಸುತ್ತಾರೆ. ಆ ಕೊಳವೆಯೊಳಗೇ ದೂರದರ್ಶಕ, ಅದರ ಜೊತೆ ಉದ್ದನೆಯ ಇಕ್ಕಳ. ಕೇಳುವುದಕ್ಕೆ ಸುಲಭ. ಆದರೆ ಶಸ್ತ್ರವೈದ್ಯ ಇಳಿಯುವ ದಾರಿಯೂ, ಅರಿವಳಿಕೆ ವೈದ್ಯರು ಮಗುವಿಗೆ ಉಸಿರು ಕೊಡಬೇಕಾದ ದಾರಿಯೂ ಒಂದೇ. ಕೂಸಿನ ಶ್ವಾಸನಾಳ ಅದರ ಕಿರುಬೆರಳಿಗಿಂತ ದಪ್ಪ ಇರುವುದಿಲ್ಲ. ಉಬ್ಬಿದ ಬೀಜ ಇಕ್ಕಳಕ್ಕೆ ಸಿಕ್ಕಿ ಪುಡಿಯಾಗಬಹುದು, ಮೇಲೆ ಬರುವಾಗ ಜಾರಿ ಇನ್ನೊಂದು ಕವಲಿಗೆ ಬೀಳಬಹುದು. ಕೈ ಪಳಗಿದವರೇ ಮಾಡಬೇಕಾದ ಕೆಲಸ. ಸರಿಯಾಗಿ ಆದರೆ ಮಗು ಒಂದೆರಡು ದಿನದಲ್ಲಿ ಮನೆಗೆ.

ಈ ವಿದ್ಯೆಯ ಚರಿತ್ರೆಯೂ ಒಬ್ಬ ರೈತನಿಂದಲೇ ಶುರುವಾಗುತ್ತದೆ. 1897ರಲ್ಲಿ ಜರ್ಮನಿಯ ಫ್ರೈಬರ್ಗ್ ಊರಿನಲ್ಲಿ ಗುಸ್ತಾವ್ ಕಿಲಿಯನ್ ಎಂಬ ವೈದ್ಯ ಒಬ್ಬ ರೈತನ ಶ್ವಾಸನಾಳದಿಂದ ಮೂಳೆಯ ಚೂರು ಹೊರತೆಗೆದ. ಆಮೇಲೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಷೆವಲಿಯರ್ ಜಾಕ್ಸನ್ ಎಂಬಾತ ಇದನ್ನೇ ಜೀವಮಾನದ ಕಸುಬು ಮಾಡಿಕೊಂಡ. ಜನರ ಗಂಟಲಿನಿಂದ, ಶ್ವಾಸನಾಳದಿಂದ ತೆಗೆದ ಪಿನ್ನು, ಗುಂಡಿ, ಕಾಳು ಒಂದನ್ನೂ ಎಸೆಯದೆ ಕೂಡಿಟ್ಟ. ಎರಡು ಸಾವಿರಕ್ಕೂ ಮೀರಿದ ಆ ಸರಕು ಇವತ್ತಿಗೂ ಅಲ್ಲಿನ ಮ್ಯೂಟರ್ ಮ್ಯೂಸಿಯಮ್ಮಿನಲ್ಲಿದೆ. ಗ್ರೀಸ್ ದೇಶದ ಕ್ರೀಟ್ ದ್ವೀಪದ ವೈದ್ಯರು, ತಾಯ್ತಂದೆಯರಿಗೆ ತಿಳಿವಳಿಕೆ ಕೊಟ್ಟರೆ ಇಂಥ ಪ್ರಕರಣ ಇಳಿಯುತ್ತವೆ ಎಂದು 2007ರಲ್ಲಿ ಬರೆದರು. ಯಂತ್ರ ಬೇಡ, ಕಟ್ಟಡ ಬೇಡ, ಬಾಯಿಮಾತು ಸಾಕಾಗಿತ್ತು.

ಆ ಬಾಯಿಮಾತಿಗೆ ನಮ್ಮ ಜಿಲ್ಲೆಯಲ್ಲಿ ಜನ ಇಲ್ಲವೇ? ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬರಬೇಕು. ಲಸಿಕೆಯ ದಿನ ತಾಯಂದಿರು ಸಾಲಾಗಿ ಕೂತಿರುತ್ತಾರೆ. ಪರಿಷೆಗೆ ಮುಂಚೆ ಒಂದು ಸಲ, ಸಂಕ್ರಾಂತಿಗೆ ಮುಂಚೆ ಒಂದು ಸಲ ಐದು ನಿಮಿಷ ಹೇಳಿದರೆ ಸರ್ಕಾರದ ಬೊಕ್ಕಸಕ್ಕೆ ನಯಾಪೈಸೆ ಖರ್ಚಿಲ್ಲ.

ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. ಅಲ್ಲಿ ನಿಮ್ಹಾನ್ಸ್ ಬಳಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಸರ್ಕಾರದ್ದೇ. ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ತಾಲ್ಲೂಕುಗಳಲ್ಲಿ ವೈದ್ಯಕೀಯ ಕಾಲೇಜುಗಳೂ ಎದ್ದಿವೆ. ರಾತ್ರಿ ಹನ್ನೊಂದಕ್ಕೆ ಕೂಸಿನ ಶ್ವಾಸನಾಳಕ್ಕೆ ಕೊಳವೆ ಇಳಿಸಬಲ್ಲವರು ಯಾವ ಆಸ್ಪತ್ರೆಯಲ್ಲಿದ್ದಾರೆ ಎಂಬ ಒಂದು ಚೀಟಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಇರಬೇಕು. ಅಲ್ಲಿ ಇಲ್ಲಿ ಅಲೆಸಿ ಕಳಿಸಿದರೆ ಹೋಗುವುದು ಮಗುವಿನ ಉಸಿರು.

ಮನೆಯವರು ಮಾಡಬೇಕಾದ್ದು

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲಿ ಬಿಡಿ, ಅದೇ ಒಳ್ಳೆಯದು. ಬಾಯಿಗೆ ಬೆರಳು ಹಾಕಿ ತಡಕಬೇಡಿ, ಬೀಜ ಇನ್ನೂ ಒಳಕ್ಕೆ ಹೋದೀತು. ದನಿಯೇ ಹೊರಡದೆ ತುಟಿ ನೀಲಿಗಟ್ಟಿದರೆ ತಡ ಮಾಡುವಂತಿಲ್ಲ. ಒಂದು ವರ್ಷದೊಳಗಿನ ಕೂಸಾದರೆ ಮುಂಗೈ ಮೇಲೆ ತಲೆ ತಗ್ಗಿಸಿ ಬೋರಲು ಹಾಕಿಕೊಂಡು ಬೆನ್ನಿನ ನಡುವೆ ಐದು ಏಟು, ಮಗುಚಿ ಎದೆಯ ನಡುವೆ ಐದು ಒತ್ತು. ಅದರ ಹೊಟ್ಟೆ ಒತ್ತಕೂಡದು. ದೊಡ್ಡ ಮಗುವಾದರೆ ಬೆನ್ನಿಗೆ ಐದು ಏಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲೆ ಒಳಕ್ಕೂ ಮೇಲಕ್ಕೂ ಐದು ಒತ್ತು. ಬೀಜ ಹೊರಗೆ ಬರುವ ತನಕ ಇದೇ. ಪ್ರಜ್ಞೆ ತಪ್ಪಿದರೆ ಎದೆ ಒತ್ತಿ ಉಸಿರು ಕೊಡುವ ಕ್ರಮಕ್ಕೆ ಇಳಿಯಬೇಕು. ಇನ್ನೊಬ್ಬರು ಅಷ್ಟರಲ್ಲೇ 108ಕ್ಕೆ ಫೋನು ಮಾಡಲಿ. ಬೀಜ ಕಣ್ಣಿಗೆ ಬೀಳದೆ ಕೆಮ್ಮು ಮಾತ್ರ ನಿಂತಿದ್ದರೂ ಅವತ್ತೇ ಆಸ್ಪತ್ರೆಗೆ ಹೋಗಿ, ತಿಂದದ್ದನ್ನು ಬಾಯಿಬಿಟ್ಟು ಹೇಳಿ.

ಕಡ್ಲೆಕಾಯಿ ಬಡವರ ಬಾದಾಮಿ, ಅದನ್ನು ಬಿಡಿ ಅಂತ ಯಾರೂ ಹೇಳುತ್ತಿಲ್ಲ. ನಾಲ್ಕು ವರ್ಷ ತುಂಬುವ ತನಕ ಇಡೀ ಬೀಜ ಕೊಡಬಾರದು ಅಷ್ಟೇ. ಅರೆಯುವ ದವಡೆ ಹಲ್ಲು ಮೂಡುವುದೇ ತಡ, ಮೂಡಿದ ಮೇಲೂ ಅಗಿಯುವ ಅಭ್ಯಾಸ ಬರಬೇಕು. ಪುಡಿ ಮಾಡಿ ಕೊಡಿ, ಚಟ್ನಿ ಮಾಡಿ ಕೊಡಿ. ಎಳ್ಳುಬೆಲ್ಲದಲ್ಲಿ ಕಡ್ಲೇಬೀಜ, ಹುರಿಗಡಲೆ, ಕೊಬ್ಬರಿ ಚೂರು ಮೂರೂ ಇರುತ್ತವೆ. ಎಳೆಯ ಮಗುವಿನ ಪಾಲಿಗೆ ಒಂದು ಸಕ್ಕರೆ ಅಚ್ಚು ನೆಕ್ಕಲು ಕೊಟ್ಟರೆ ಹಬ್ಬಕ್ಕೇನೂ ಕೊರತೆಯಿಲ್ಲ.

ಕಿವಿ, ಮೂಗಿನ ಕಥೆಯೂ ಇದೇ

ಅದೇ ಕಾಳು ಕಿವಿಗೂ ಹೋಗುತ್ತದೆ. ನೀರು ಬಿಟ್ಟರೆ ಕಾಳು ಉಬ್ಬಿ ಗಟ್ಟಿಯಾಗಿ ಕೂರುತ್ತದೆ. ಹೇರ್‌ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕಿದರೆ ತಮಟೆ ತೂತಾಗುತ್ತದೆ. ತೂತು ತಾನಾಗಿ ಮುಚ್ಚದಿದ್ದರೆ ಕಿವಿಯ ಮೇಲ್ಗಡೆಯ ಸ್ನಾಯುವಿನ ಮೇಲಿನ ತೆಳು ಪೊರೆ ತೆಗೆದು ತೇಪೆ ಹಾಕಬೇಕು. ಮಕ್ಕಳಿಗೆ ಈ ಆಪರೇಷನ್ ಯಾವ ವಯಸ್ಸಿಗೆ ಮಾಡಬೇಕು ಎಂದು ವೈದ್ಯರಲ್ಲೇ ಜಗಳ ಮುಗಿದಿಲ್ಲ. ನೆಗಡಿ ಕಡಿಮೆಯಾಗುವ ಏಳೆಂಟು ವರ್ಷದ ತನಕ ಕಾಯಿರಿ ಅನ್ನುವವರು ಕೆಲವರು. ಅಷ್ಟರಲ್ಲಿ ಪಾಠ ಕೇಳದೆ ಮಗು ಹಿಂದೆ ಬೀಳುತ್ತದೆ, ಬೇಗ ಮಾಡಿ ಅನ್ನುವವರು ಕೆಲವರು.

ಕಡೆಯದಾಗಿ ಜಾತ್ರೆಯ ಆಟಿಕೆ. ಮಿಣಮಿಣ ದೀಪದ ಬೊಂಬೆಗಳಲ್ಲಿ ಗುಂಡಿಯಂಥ ಸಣ್ಣ ಬ್ಯಾಟರಿ ಇರುತ್ತದೆ. ಅದು ಅನ್ನನಾಳದಲ್ಲಿ ಸಿಕ್ಕಿದರೆ ಎರಡೇ ಗಂಟೆಯಲ್ಲಿ ಒಳಗೆಲ್ಲ ಸುಡುತ್ತದೆ. ಮೂಗು, ಕಿವಿಗೆ ಹೋದರೂ ಸುಡುವುದೇ. ಕಿವಿಗೆ ಹನಿ ಔಷಧಿ ಬಿಡದೆ ನೆಟ್ಟಗೆ ಆಸ್ಪತ್ರೆಗೆ ನಡೆಯಬೇಕು, ರಾತ್ರಿಯಾದರೂ ಸರಿ. ಘಾಟಿಯಲ್ಲಿ ಆಟಿಕೆ ಕೊಳ್ಳುವಾಗ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ತಿರುಗಿಸಿ ನೋಡಿ ಕಾಸು ಕೊಡಿ.