ಕುಂತರ ದಮ್ಮು, ಮಲಗಿದರ ಆರಾಮ್

ಅವ್ವ ಹಾವೇರಿಯಿಂದ ಪುಣೆಗೆ ಬಂದಾಗ ಕೈಚೀಲದಲ್ಲಿ ಇನ್‌ಹೇಲರ್ ಇತ್ತು. ಊರಲ್ಲಿ ಎಂಟು ತಿಂಗಳಿಂದ ಅಸ್ತಮಾ ಎಂದೇ ಔಷಧ ನಡೆದಿತ್ತು. 'ಕುಂತರ ದಮ್ಮು ಹತ್ತತೈತಿ, ಮಲಕೊಂಡರ ಆರಾಮ್ ಅನಸ್ತೈತಿ' ಎಂದು ಅವಳು ಎಲ್ಲರಿಗೂ ಹೇಳಿದ್ದಳು. ಅದನ್ನು ಬರೆದುಕೊಂಡವರು ಇಲ್ಲಿನ ವೈದ್ಯೆ ಮಾತ್ರ. ಹೃದಯ ದುರ್ಬಲವಾದವರಿಗೆ ಸಾಮಾನ್ಯವಾಗಿ ಮಲಗಿದರೇ ಉಸಿರು ಕಟ್ಟುವುದು, ಇದು ತಿರುವುಮುರುವು. ಅಂದೇ ಎಕೋ ಮಾಡಿಸಿದರು.

ಪರದೆಯ ಮೇಲೆ, ಎಡ ಹೃತ್ಕರ್ಣದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ತೊಟ್ಟಿಗೆ ಜೋತುಬಿದ್ದು, ಪ್ರತಿ ಬಡಿತಕ್ಕೂ ಮೈಟ್ರಲ್ ಕವಾಟದ ಬಾಯಿಗೆ ಇಳಿದು ಮತ್ತೆ ಮೇಲೇರುತ್ತಿತ್ತು. ಹೆಸರು ಮಿಕ್ಸೋಮಾ. ದೊಡ್ಡವರ ಹೃದಯದಲ್ಲೇ ಹುಟ್ಟುವ ಗಡ್ಡೆಗಳಲ್ಲಿ ಇದೇ ಹೆಚ್ಚು. ಸುಮಾರು ನಾಲ್ಕರಲ್ಲಿ ಮೂರು ಎಡ ಹೃತ್ಕರ್ಣದಲ್ಲೇ ಬೆಳೆಯುತ್ತವೆ. ಕ್ಯಾನ್ಸರ್ ಅಲ್ಲ. ಆದರೂ 'ನಿರಪಾಯಕಾರಿ' ಎಂಬ ಮಾತು ನನಗೇಕೋ ಹಿಡಿಸಲಿಲ್ಲ. ಗಡ್ಡೆ ಕವಾಟಕ್ಕೆ ಅಡ್ಡ ನಿಂತರೆ ರಕ್ತ ಮುಂದೆ ಸಾಗದೆ ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ, ಅದೇ ಏದುಸಿರು. ಪೂರ್ತಿ ಮುಚ್ಚಿದರೆ ಮನುಷ್ಯ ಎಚ್ಚರ ತಪ್ಪಿ ಬೀಳಬಹುದು, ಸಾಯಲೂಬಹುದು. ಲೋಳೆಯಂಥ ಮೈಯಿಂದ ಚೂರು ಕಿತ್ತು ಮಿದುಳಿಗೆ ಹೋದರೆ ಲಕ್ವ. ಸಣ್ಣ ಜ್ವರ, ತೂಕ ಇಳಿಕೆ, ಇಎಸ್‌ಆರ್ ಏರಿಕೆ ಇದ್ದರಂತೂ ಬೇರೆ ಯಾವುದೋ ಕಾಯಿಲೆಯ ಬೆನ್ನು ಹತ್ತುವುದು ಸುಲಭ. ಸ್ಟೆತಾಸ್ಕೋಪಿಗೂ ಇದು ರುಮ್ಯಾಟಿಕ್ ಕವಾಟ ಕಾಯಿಲೆಯಂತೆ ಕೇಳಿಸುವುದುಂಟು.

ಅವ್ವನ ಇಸಿಜಿ ಊರಲ್ಲಿ ಎರಡು ಸಲ 'ನಾರ್ಮಲ್' ಬಂದಿತ್ತು. ಹೊರನಾಡಿನ ನಾವೆಲ್ಲ ಇಂಥ ವರದಿಗಳನ್ನು ವಾಟ್ಸ್ಆ್ಯಪ್‌ನಲ್ಲೇ ನೋಡುವವರು. ಇಸಿಜಿ ಹೃದಯದ ವಿದ್ಯುತ್ತನ್ನು ಓದುತ್ತದೆ, ಒಳಗಿನ ಗಡ್ಡೆಯನ್ನು ತೋರಿಸುವುದಿಲ್ಲ. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಬೇರೆ ಸರ್ವರ್‌ನ ಲಾಗ್ ತೆರೆದು ಕೂತ ಹಾಗೆ. ಎಕೋದಲ್ಲಿ ಅನುಮಾನ ಉಳಿದರೆ ಅನ್ನನಾಳದ ಮೂಲಕ ಇನ್ನೊಂದು ಎಕೋ. ಗಡ್ಡೆಯೋ ಹೆಪ್ಪುಗಟ್ಟಿದ ರಕ್ತವೋ ತಿಳಿಯಲು ಎಂಆರ್‌ಐ.

1950ರ ದಶಕದವರೆಗೆ ಇದು ಬಹುತೇಕ ಶವಪರೀಕ್ಷೆಯಲ್ಲಷ್ಟೇ ಪತ್ತೆಯಾಗುತ್ತಿತ್ತು. 1954ರಲ್ಲಿ ಸ್ಟಾಕ್‌ಹೋಮಿನ ಕ್ಲಾರೆನ್ಸ್ ಕ್ರಾಫೂರ್ಡ್ ಹಾರ್ಟ್-ಲಂಗ್ ಯಂತ್ರದ ನೆರವಿನಿಂದ ಮೊದಲ ಬಾರಿಗೆ ಇದನ್ನು ಯಶಸ್ವಿಯಾಗಿ ತೆಗೆದರು.

ಇದಕ್ಕೆ ಮಾತ್ರೆಯಿಲ್ಲ, ಕಾಯುವಂತೆಯೂ ಇಲ್ಲ. ಮೂರನೇ ದಿನ ಆಪರೇಷನ್ ಆಯಿತು. ತೊಟ್ಟಿನ ಬುಡದಲ್ಲಿದ್ದ ಗೋಡೆಯ ತುಣುಕನ್ನೂ ಸೇರಿಸಿ ತೆಗೆದರು, ಬುಡ ಉಳಿದರೆ ಮತ್ತೆ ಬೆಳೆಯಬಹುದಂತೆ. ಕೆಲವೇ ಕುಟುಂಬಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುವುದರಿಂದ ನನಗೂ ತಂಗಿಗೂ ಎಕೋ ಮಾಡಿದರು; ಏನೂ ಇಲ್ಲ. ಅವ್ವನ ಮುಂದಿನ ತಪಾಸಣೆ ಹುಬ್ಬಳ್ಳಿಯಲ್ಲಿ, ದೀಪಾವಳಿ ಕಳೆದ ಮೇಲೆ.