ಗಾಯರಾಣದ ಹುಲ್ಲು ಮತ್ತು ಎರೆಭೂತ ಹಕ್ಕಿ

ಬೇಮಳಖೇಡದಂಥ ಊರುಗಳ ರೈತರಿಗೆ ಗಾಯರಾಣವೆಂದರೆ ದನ ಮೇಯುವ ನೆಲ. ಕಾಗದಪತ್ರಗಳಲ್ಲಿ ಮಾತ್ರ ಇಂಥ ನೆಲಕ್ಕೆ ಅನೇಕ ವೇಳೆ ‘ಪಾಳು’ ಎಂಬ ಹೆಸರು ಬೀಳುತ್ತದೆ. ಪಾಳು ಎಂದ ಮೇಲೆ ಅದನ್ನು ಉಳಬೇಕು, ಇಲ್ಲವೆ ಅಲ್ಲಿ ಗಿಡ ನೆಡಬೇಕು ಎನ್ನಿಸುವುದು ಸಹಜ. ಬೇಟೆಯ ಜೊತೆಗೆ ಈ ತಪ್ಪು ತಿಳಿವಳಿಕೆಯೂ ಸೇರಿ ಎರೆಭೂತ ಹಕ್ಕಿಯನ್ನು ನಮ್ಮ ನಾಡಿನಿಂದ ಬಹುಮಟ್ಟಿಗೆ ಓಡಿಸಿದೆ.

ಎರೆಭೂತಕ್ಕೆ ಎರ್ಲಡ್ಡು, ಹೆಬ್ಬಕ, ದೊರವಾಯನ ಹಕ್ಕಿ ಎಂಬ ಹೆಸರುಗಳೂ ಇವೆ. ಗಡಿಯಾಚೆಯ ಮರಾಠಿಗರು ಮಾಳಢೋಕ ಎನ್ನುತ್ತಾರೆ. ಸುಮಾರು ಒಂದು ಮೀಟರು ಎತ್ತರ. ಗಂಡು 15 ಕಿಲೋವರೆಗೂ ತೂಗಬಹುದು. ಮಿಡತೆ, ಜೀರುಂಡೆ, ಕಾಳು, ಬೋರೆಹಣ್ಣು ಇದರ ಆಹಾರ. ಗೂಡು ಕಟ್ಟುವುದಿಲ್ಲ. ಮುಂಗಾರಿನ ದಿನಗಳಲ್ಲಿ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು, ಸುಮಾರು ನಾಲ್ಕು ವಾರ ಕಾವು ಕೊಡುತ್ತದೆ. ಆ ಒಂದು ಮೊಟ್ಟೆಯನ್ನು ಕುರಿ ತುಳಿದರೆ, ನಾಯಿ ತಿಂದರೆ ಆ ವರ್ಷದ ಸಂತಾನ ಮುಗಿದಂತೆಯೇ.

ಇದಕ್ಕೆ ಬೇಕಾದ ನೆಲ ಒಂದೇ ಬಗೆಯದಲ್ಲ. ಗಂಡು ಕತ್ತಿನ ಚೀಲ ಉಬ್ಬಿಸಿ ಕುಣಿಯಲು ಗಿಡ್ಡ ಹುಲ್ಲಿನ ತೆರೆದ ದಿನ್ನೆ ಬೇಕು. ಹೆಣ್ಣಿಗೆ ಮೊಟ್ಟೆ ಮರೆಮಾಡಲು ಮೊಣಕಾಲೆತ್ತರದ ಹುಲ್ಲು ಬೇಕು. ಮೇಯಲು ಜೋಳ, ಕಡಲೆಯಂಥ ಮಳೆಯಾಶ್ರಿತ ಹೊಲಗಳು ಹತ್ತಿರವಿರಬೇಕು. ದಟ್ಟ ಮರಗಳು ಬೇಡವೇ ಬೇಡ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಅಭಯಾರಣ್ಯವಾಯಿತು. ಆದರೆ ಹುಲ್ಲುಗಾವಲಿನಲ್ಲಿ ಬೆಳೆಸಿದ ನೀಲಗಿರಿ ನೆಡುತೋಪು ಈ ಹಕ್ಕಿಗೆ ಹಿಡಿಸಲಿಲ್ಲ. ಅಲ್ಲಿಂದ ಅದು ಕಾಣೆಯಾಯಿತು. ಕಾಡು ಬೆಳೆಸಿ ಹಕ್ಕಿ ಕಳೆದುಕೊಂಡ ಉದಾಹರಣೆ ಇದು. ಈಚೆಗೆ ರಾಜ್ಯದಲ್ಲಿ ಸಿರುಗುಪ್ಪ ತಾಲ್ಲೂಕಿನ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಹಕ್ಕಿಗಳು ಕಂಡಿವೆ.

ಹಕ್ಕಿ ಉಳಿಸಲು ಹೊರಟರೆ ಜಮೀನು ಹೋದೀತೆಂಬ ರೈತರ ಅಂಜಿಕೆ ಸುಳ್ಳಲ್ಲ. ಹುಮನಾಬಾದಿನಿಂದ ಪಶ್ಚಿಮಕ್ಕೆ ಹೆದ್ದಾರಿ ಹಿಡಿದರೆ ಸಿಗುವ ಸೋಲಾಪುರದ ಬಳಿ, ನಾನ್ನಜದ ಅಭಯಾರಣ್ಯಕ್ಕೆ 1979ರಲ್ಲಿ ಸುಮಾರು 8,500 ಚದರ ಕಿಲೋಮೀಟರು ಗುರುತಿಸಲಾಯಿತು. ಅದರೊಳಗೆ ಊರುಗಳೂ ಉಳುವ ಹೊಲಗಳೂ ಸೇರಿಹೋದವು. 2012ರಲ್ಲಿ ಅದನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಬೇಕಾಯಿತು. ಮಧ್ಯಪ್ರದೇಶದ ಕರೇರಾದಲ್ಲಿಯೂ ಜಮೀನು ಮಾರಲಾಗದೆ ರೈತರು ಬೇಸತ್ತರು, ಹಕ್ಕಿಯೂ ಉಳಿಯಲಿಲ್ಲ. ಮೇಯಿಸುವವನನ್ನು ಹೊರಗಿಟ್ಟು ಮಾಡಿದ ರಕ್ಷಣೆ ಬಾಳುವುದಿಲ್ಲ ಎಂಬುದೇ ನಮ್ಮ ಅಭಿಪ್ರಾಯ.

ಅಮೆರಿಕದ ಪಶ್ಚಿಮ ಭಾಗದ ಹುಲ್ಲುಗಾವಲುಗಳಲ್ಲಿ ಸೇಜ್ ಗ್ರೌಸ್ ಎಂಬ ಹಕ್ಕಿಯದೂ ಇಂಥದೇ ಕಥೆ. ಅಲ್ಲಿ 2010ರಿಂದ ದನಗಾರರೊಡನೆ ಕೂಡಿಯೇ ಕೆಲಸ ನಡೆಯಿತು: ಸರದಿಯ ಮೇಲೆ ಮೇಯಿಸುವುದು, ಹುಲ್ಲಿನಲ್ಲಿ ನುಗ್ಗಿದ ಮರಗಳನ್ನು ತೆಗೆಯುವುದು, ಹಕ್ಕಿಗೆ ಕಾಣುವಂತೆ ತಂತಿಬೇಲಿಗೆ ಬಿಳಿ ಪಟ್ಟಿ ಸಿಕ್ಕಿಸುವುದು.

ನಮ್ಮ ಗಾಯರಾಣಕ್ಕೂ ಇದು ಹೊಂದುತ್ತದೆ. ಊರವರು ಕೂಡಿ ನೆಲವನ್ನು ಮೂರು ನಾಲ್ಕು ಪಾಲು ಮಾಡಿ, ಪ್ರತಿ ವರ್ಷ ಒಂದು ಪಾಲನ್ನು ಜೂನ್‌ನಿಂದ ಅಕ್ಟೋಬರ್‌ವರೆಗೆ ಮೇಯಿಸದೆ ಬಿಡಬೇಕು. ಹುಲ್ಲು ಬೀಜ ಕಟ್ಟಿ ಉದುರಿದ ಮೇಲೆ ಕೊಯ್ದರೆ ದೇವಣಿ ದನಗಳಿಗೆ ಬೇಸಿಗೆಯ ಮೇವಾಗುತ್ತದೆ. ಮುಂದಿನ ವರ್ಷ ಇನ್ನೊಂದು ಪಾಲಿನ ಸರದಿ. ಉಳಿದ ಪಾಲುಗಳಲ್ಲಿ ದನ ಮೇಯಲಿ. ಹುಲ್ಲು ಗಿಡ್ಡವಾಗಿರುವುದೂ ಬೇಕು. ಬಳ್ಳಾರಿ ಜಾಲಿಯನ್ನು ಸಸಿಯಿದ್ದಾಗಲೇ ಬೇರುಸಹಿತ ಕೀಳಬೇಕು. ಬುಡ ಬಿಟ್ಟು ಕಡಿದರೆ ಮತ್ತೆ ಚಿಗುರುತ್ತದೆ. ಹುಲ್ಲು ಕೊಯ್ಯುವಾಗ ನಡುವಿನಿಂದ ಹೊರಕ್ಕೆ ಬಂದರೆ ಅಡಗಿರುವ ಹಕ್ಕಿಗಳು ತಪ್ಪಿಸಿಕೊಳ್ಳುತ್ತವೆ. ಎರೆಭೂತ ಬಾರದಿದ್ದರೂ ಗೌಜಲು, ಬುರಲಿ, ಕೃಷ್ಣಮೃಗಗಳಿಗೆ ಆಸರೆಯಾಗುತ್ತದೆ. ಕೃಷ್ಣಮೃಗ ಹೆಚ್ಚಿದರೆ ಪೈರಿಗೆ ತೊಂದರೆಯಿದೆ ಎಂಬುದನ್ನೂ ಮುಚ್ಚಿಡಬಾರದು. ಬೆಳೆ ನಷ್ಟದ ಅರ್ಜಿಯನ್ನು ಅರಣ್ಯ ಇಲಾಖೆಗೆ ತಡಮಾಡದೆ ಕೊಡಬೇಕು.

ದೇಶದಲ್ಲಿ ಈಗ ಉಳಿದಿರುವ ಎರೆಭೂತಗಳು ಸುಮಾರು 150, ಬಹುತೇಕ ರಾಜಸ್ಥಾನದಲ್ಲಿ. ಭಾರವಾದ ಈ ಹಕ್ಕಿಗೆ ಎದುರಿನ ತಂತಿ ಬೇಗ ಕಾಣದು. ವಿದ್ಯುತ್ ತಂತಿಗೆ ಬಡಿದು ಸಾಯುವುದೇ ಅಲ್ಲಿಯ ದೊಡ್ಡ ಗಂಡಾಂತರ. ಹೊಲದಲ್ಲಿ ಇಂಥ ಹಕ್ಕಿ ನೆಲದಿಂದೆದ್ದರೆ ಕೂಡಲೆ ಅಲ್ಲಿಂದ ಸರಿಯಬೇಕು. ಮೊಟ್ಟೆ ಮುಟ್ಟಕೂಡದು, ಗುಂಪು ಸೇರಿಸಿ ತೋರಿಸಕೂಡದು. ತಾಯಿ ದೂರವಿದ್ದಷ್ಟು ಹೊತ್ತೂ ಕಾಗೆಗಳು ಹೊಂಚುತ್ತಿರುತ್ತವೆ. ಜಾಗದ ಗುರುತಿಟ್ಟುಕೊಂಡು, ಸುತ್ತಲಿನ ಒಂದೆರಡು ಗುಂಟೆಯ ಕುಂಟೆ ಕೆಲಸ ನಿಲ್ಲಿಸಿ, ಅರಣ್ಯ ಇಲಾಖೆಗೆ ತಿಳಿಸಬೇಕು.