ಪಾಂಬನ್ ದಾಟಿ ಕವಲೊಡೆದ ಹಳಿ

ಸೇತುವಿನ ಮರಳನ್ನು ಒಯ್ದು ಪ್ರಯಾಗದಲ್ಲಿ ಬಿಟ್ಟು, ಅಲ್ಲಿಂದ ಗಂಗೆಯನ್ನು ತಂದು ರಾಮೇಶ್ವರದ ಲಿಂಗಕ್ಕೆ ಎರೆದರೇ ಕಾಶಿಯಾತ್ರೆ ಪೂರ್ತಿಯಾಗುವುದು ಎಂದು ನಮ್ಮ ಹಿರಿಯರು ನಂಬಿದ್ದರು. ಆ ಮರಳು ಸಿಗುವ ಧನುಷ್ಕೋಟಿಗೆ ಐವತ್ತು ವರ್ಷ ರೈಲು ಓಡಿತ್ತು.

1914ರ ಫೆಬ್ರುವರಿಯಲ್ಲಿ ಪಾಂಬನ್ ಸೇತುವೆ ತೆರೆಯಿತು. ಸಮುದ್ರ ದಾಟಿ ರಾಮೇಶ್ವರದ ದ್ವೀಪ ಮುಟ್ಟಿದ ಮೀಟರ್ ಗೇಜ್ ಹಳಿ ಪಾಂಬನ್ ಜಂಕ್ಷನ್ನಿನಲ್ಲಿ ಎರಡಾಗುತ್ತಿತ್ತು. ಹತ್ತು ಕಿಲೋಮೀಟರಿನ ಒಂದು ಕವಲು ರಾಮೇಶ್ವರಕ್ಕೆ. ಇನ್ನೊಂದು ಸುಮಾರು 24 ಕಿಲೋಮೀಟರ್ ಮರಳ ದಿಬ್ಬಗಳ ನಡುವೆ ಸಾಗಿ ಧನುಷ್ಕೋಟಿಯ ಕಟ್ಟಕಡೆಯ ನಿಲ್ದಾಣಕ್ಕೆ. ಈ ಎರಡನೆಯದೇ ಹೊರದೇಶದ ದಾರಿ. ಮದರಾಸಿನ ಎಗ್ಮೋರಿನಲ್ಲಿ ‘ಬೋಟ್ ಮೇಲ್’ ಹತ್ತಿದವರು ಧನುಷ್ಕೋಟಿಯಲ್ಲಿ ಇಳಿದು ಸ್ಟೀಮರ್ ಏರುತ್ತಿದ್ದರು. ಸುಮಾರು 35 ಕಿಲೋಮೀಟರ್ ಕಡಲು ದಾಟಿದರೆ ಸಿಂಹಳದ ತಲೈಮನ್ನಾರ್. ಅಲ್ಲಿ ಕೊಲಂಬೊ ರೈಲು. ರೈಲಿಗೂ ಹಡಗಿಗೂ ಸೇರಿ ಒಂದೇ ಟಿಕೆಟ್. ಯಾತ್ರಿಕರು, ವ್ಯಾಪಾರಿಗಳು, ಸಿಂಹಳದ ಚಹಾ ತೋಟಗಳಿಗೆ ದುಡಿಯಲು ಹೋಗುವ ಬಡವರು ಎಲ್ಲರೂ ಹಿಡಿದದ್ದು ಈ ದಾರಿಯನ್ನೇ. ಅಂಚೆ ಕಚೇರಿ, ಸುಂಕದ ಕಟ್ಟೆ, ಶಾಲೆ, ಇಗರ್ಜಿಗಳೆಲ್ಲ ಇದ್ದ ಊರು ಈ ರೈಲನ್ನು ನಂಬಿಕೊಂಡು ಬೆಳೆಯಿತು.

1964ರ ಡಿಸೆಂಬರ್ 22ರ ರಾತ್ರಿ, ಹನ್ನೆರಡಕ್ಕೆ ಐದು ನಿಮಿಷವಿರುವಾಗ, 653ನೇ ನಂಬರಿನ ಪ್ಯಾಸೆಂಜರ್ ರೈಲು ಪಾಂಬನ್ ಬಿಟ್ಟಿತು. ಧನುಷ್ಕೋಟಿ ಇನ್ನೇನು ಬಂತು ಅನ್ನುವಷ್ಟು ಹತ್ತಿರದಲ್ಲಿ, ಚಂಡಮಾರುತ ಎಬ್ಬಿಸಿದ ದೈತ್ಯ ಅಲೆಯೊಂದು ಬೋಗಿಗಳನ್ನು ಒಟ್ಟಿಗೇ ನುಂಗಿತು. ಸಿಬ್ಬಂದಿಯೂ ಸೇರಿ ನೂರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಒಬ್ಬರೂ ಉಳಿಯಲಿಲ್ಲ. ಬೆಳಗಾಗುವಷ್ಟರಲ್ಲಿ ಊರೇ ಇರಲಿಲ್ಲ.

ಧನುಷ್ಕೋಟಿಯ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನ್ನನ್ನು ಕಾಡುವುದು ಆಮೇಲಿನದು. ಅದೇ ಬಿರುಗಾಳಿಗೆ ಪಾಂಬನ್ ಸೇತುವೆಯೂ ಮುರಿದಿತ್ತು. ಅದರ ದುರಸ್ತಿಗೆ ಮೊದಲು ಆರು ತಿಂಗಳು ಬೇಕೆಂದಿದ್ದರು. ತರುಣ ಎಂಜಿನಿಯರ್ ಇ. ಶ್ರೀಧರನ್ 46 ದಿನಗಳಲ್ಲಿ ಮುಗಿಸಿದರು. ರಾಮೇಶ್ವರದ ಕವಲಿಗೆ ರೈಲು ಮರಳಿತು. ಧನುಷ್ಕೋಟಿಯ ಕವಲನ್ನು ಮಾತ್ರ ಕೈಬಿಟ್ಟರು. ಜನವಾಸಕ್ಕೆ ತಕ್ಕದ್ದಲ್ಲವೆಂದು ಸರ್ಕಾರ ಸಾರಿದ ಊರಿಗೆ ರೈಲು ಏಕೆ ಎಂಬುದು ಲೆಕ್ಕಾಚಾರಕ್ಕೆ ಸರಿಯೇ. ಆದರೆ ಮೀನುಗಾರರು ಆ ಮಾತಿಗೆ ಊರು ಬಿಡಲಿಲ್ಲ. ಗರಿಯ ಗುಡಿಸಲು ಕಟ್ಟಿಕೊಂಡು ಅಲ್ಲೇ ಉಳಿದರು. ಸಿಂಹಳದ ಸ್ಟೀಮರ್ ರಾಮೇಶ್ವರದಿಂದ ಹೊರಡತೊಡಗಿತು. ಅದೂ ಎಂಬತ್ತರ ದಶಕದಲ್ಲಿ ಸಿಂಹಳದ ಜನಾಂಗೀಯ ಕದನದಿಂದಾಗಿ ನಿಂತುಹೋಯಿತು.

2017ರಿಂದ ಭೂಶಿರದ ತುದಿಯವರೆಗೆ ಡಾಂಬರು ರಸ್ತೆಯಿದೆ. ಪ್ರವಾಸಿಗರು ಇಗರ್ಜಿಯ ಮೊಂಡುಗೋಡೆಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿಗೆ ಹೋದವರು ರೈಲು ನಿಲ್ದಾಣದ ಅವಶೇಷವನ್ನೂ ನೀರಿನ ತೊಟ್ಟಿಯನ್ನೂ ತಪ್ಪದೆ ನೋಡಬೇಕು. ಹಳಿ ಮತ್ತೆ ಹಾಕಲು 2019ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು. 2025ರ ಏಪ್ರಿಲ್‌ನಲ್ಲಿ ಪಾಂಬನ್ನಿಗೆ ಹೊಸ ಸೇತುವೆಯೂ ಬಂತು. ಅದನ್ನು ದಾಟಿದ ರೈಲು ಈಗಲೂ ರಾಮೇಶ್ವರದಲ್ಲೇ ನಿಲ್ಲುತ್ತದೆ. ಸೇತುವಿನ ಮರಳು ಬೇಕಾದವರು ಅಲ್ಲಿಳಿದು ಬಸ್ಸು, ಆಟೊ ಹಿಡಿಯುತ್ತಾರೆ.